ಮಿಡಿಯುವ ನಾಳ

ಗ್ರೀಕರ ಆ ಬಂದರು ಪಟ್ಟಣದಲ್ಲಿ ವೈದ್ಯ ಎವಾಂಡ್ರೋಸ್ ಮೂವತ್ತು ವರ್ಷಗಳಿಂದ ಒಂದೇ ಮಾತು ಕಲಿಸುತ್ತ ಬಂದಿದ್ದ: ಮಿಡಿಯುವ ನಾಳಗಳಲ್ಲಿ ಹರಿಯುವುದು ಗಾಳಿ, ರಕ್ತವಲ್ಲ. ಹೆಣಗಳನ್ನು ಕೊಯ್ದಾಗಲೆಲ್ಲ ಆ ನಾಳಗಳು ಖಾಲಿಯಾಗಿಯೇ ಇರುತ್ತಿದ್ದವು.

ಒಂದು ಮಧ್ಯಾಹ್ನ ಪಾಠದ ನಡುವೆಯೇ ಸೈನಿಕನೊಬ್ಬ ನುಗ್ಗಿ ಅವನನ್ನು ಮೇಜಿನ ಮೇಲೆ ಕೆಡವಿದ.

"ನನ್ನ ತಮ್ಮನ ತೊಡೆ ಸೀಳಿತ್ತು. ಅದು ಗಾಳಿಯ ನಾಳ, ಕಟ್ಟೋದು ಬೇಡ, ತಾನೇ ನಿಲ್ಲುತ್ತೆ ಅಂದೆಯಲ್ಲ? ನಿನ್ನ ಕಣ್ಣೆದುರೇ ರಕ್ತ ಸುರಿದು ಸತ್ತ!"

"ಗಾಳಿ ಹೋದ ಜಾಗಕ್ಕೆ ರಕ್ತ ನುಗ್ಗುತ್ತೆ, ಅಷ್ಟೇ," ಎಂದ ವೈದ್ಯ.

ಸೈನಿಕ ಅವನ ಎಡ ಮಣಿಕಟ್ಟನ್ನು ಕತ್ತಿಯಿಂದ ಸೀಳಿದ. ರಕ್ತ ಗೋಡೆಗೆ ಚಿಮ್ಮಿತು. ಶಿಷ್ಯೆ ಮೆಲಿತ್ತಾ ಕಿರುಚುತ್ತ ಓಡಿಬಂದು, ತನ್ನ ಮೇಲುಹೊದಿಕೆಯನ್ನು ಹರಿದು ಬಿಗಿಯಾಗಿ ಕಟ್ಟಿದಳು.

"ಈಗ ಹೇಳು, ಬಂದಿದ್ದು ಏನು?" ಸೈನಿಕ ಗದರಿದ. "ತಪ್ಪಾಯ್ತು ಅನ್ನು, ಬಿಟ್ಟುಬಿಡ್ತೀನಿ."

"ಗುರುಗಳೇ, ದಮ್ಮಯ್ಯ, ಒಪ್ಪಿಕೊಳ್ಳಿ," ಎಂದು ಮೆಲಿತ್ತಾ ಅತ್ತಳು.

ವೈದ್ಯನ ತುಟಿಗಳು ಬಿಳಿಚಿಕೊಂಡಿದ್ದವು. ಅವನು ಬಲಗೈಯನ್ನು ಸೈನಿಕನ ಮುಂದೆ ಚಾಚಿದ.

"ಗಾಳಿ ಹೋಗಿದ್ದನ್ನು ನೀವಿಬ್ಬರೂ ನೋಡಲೇ ಇಲ್ಲ. ಇದನ್ನೂ ಕೊಯ್ಯಿ. ಮೆಲಿತ್ತಾ, ಈ ಸಲ ಮೊದಲ ಕ್ಷಣವನ್ನು ಸರಿಯಾಗಿ ನೋಡು."