ನಾಲ್ಕನೆಯವರ ಹಾಸಿಗೆ

"ಇದೇ ಇರ್ಲಿ," ಎನ್ನುತ್ತ ಜನಾರ್ದನ ರಜೆಯ ಪ್ರವಾಸಕ್ಕೆಂದು ನೋಡಲು ಬಂದಿದ್ದ ಬಿಳಿ ಟ್ರೇಲರಿನ ಪಕ್ಕೆಯನ್ನು ಅಂಗೈಯಿಂದ ತಟ್ಟಿದ. "ಒಂದೇ ಅಚ್ಚು, ಎರಡೇ ಚಕ್ರ. ನಮ್ಮ ಕಾರು ಆರಾಮಾಗಿ ಎಳ್ಕೊಂಡು ಹೋಗತ್ತೆ. ಆ ನೀಲಿದು ಭಾರ ಕಣೇ, ಕ್ಯಾಮರಾನ್ ಬೆಟ್ಟ ಹತ್ತೋವಾಗ ಇಂಜಿನ್ ಏದುಸಿರು ಬಿಡತ್ತೆ."

ವೇದಾ ಬಗ್ಗಿ ಒಳಗೆ ನೋಡಿದಳು. ಬಾಗಿಲ ಬಳಿ ಪುಟ್ಟ ಒಲೆ, ಬೊಗಸೆಯಷ್ಟು ಸಿಂಕು, ಹಿಂದೆ ಇಬ್ಬರು ಒತ್ತಿಕೊಂಡು ಮಲಗುವ ಹಾಸಿಗೆ, ಅದರ ಮೇಲೊಂದು ಅಟ್ಟ. ಅಟ್ಟವನ್ನು ಇಂಚರ ಆಗಲೇ ಹತ್ತಿ ಮಲಗಿದ್ದಳು. "ಅಮ್ಮಾ, ದಿಸ್ ಒನ್ ಈಸ್ ಮೈನ್!" ಎಂದು ಕಿಟಕಿ ಸರಿಸಿ ಕೈ ಬೀಸಿದಳು. ಈ ಪರದೇಶದಲ್ಲೇ ಹುಟ್ಟಿ ಬೆಳೆದ ಹುಡುಗಿ. ಮನೆಯವರ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ರೀ, ಇದ್ರಲ್ಲಿ ಮೂರೇ ಜನ ಮಲಗಬಹುದು. ನಾವು ನಾಲ್ಕು ಜನ."

"ಅದಕ್ಕೇ ಪಕ್ಕಕ್ಕೆ ಸಿಗಿಸೋ ಟೆಂಟು ಕೊಡ್ತಾನೆ ಮಾಲೀಕ," ಎಂದ ಜನಾರ್ದನ. "ಒಬ್ರು ಅದ್ರಲ್ಲಿ."

"ಯಾರು?"

ಅವನು ಫೋನು ನೋಡತೊಡಗಿದ. ಉತ್ತರ ಬಂದದ್ದು ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ರತ್ನಮ್ಮನಿಂದ. "ಯಾರು ಅಂದ್ರೆ? ರಜ ಏನು ನಿನ್ನ ದಿನ ನೋಡ್ಕೊಂಡು ಬರತ್ತಾ ವೇದಾ? ಈ ಸಲ ಸರಿಯಾಗಿ ಆಗ್ಲೇ ನೀನು ಹೊರಗಾಗೋದು. ಒಳಗೆ ನನ್ನ ದೇವರ ಪಟ ಇರತ್ತೆ. ಇಷ್ಟು ಜಾಗದಲ್ಲಿ ಮುಟ್ಟು ಮೈಲಿಗೆ ಹೇಗೆ ನೋಡ್ಕೊಳೋದು? ಪಾಪ, ಅವನೇ ಯೋಚನೆ ಮಾಡಿ ಹುಡುಕಿದಾನೆ. ನಾಳೆ ಇಂಚರಾನೂ ದೊಡ್ಡವಳಾಗ್ತಾಳೆ. ಅವಳಿಗೂ ಅದೇ ಆಗತ್ತೆ."

ಅಟ್ಟದ ಕಿಟಕಿಯಲ್ಲಿ ಬೀಸುತ್ತಿದ್ದ ಕೈ ನಿಂತಿತು.

ಎದುರಾಡದೆ ಇರುವುದು ವೇದಾಳಿಗೆ ಚೆನ್ನಾಗಿ ರೂಢಿಯಾಗಿತ್ತು. ಅತ್ತೆ ಇವರೊಂದಿಗೆ ಪುಚೊಂಗ್‌ನ ಮನೆಗೆ ಬಂದು ನೆಲೆಸಿದಂದಿನಿಂದ ತಿಂಗಳಿಗೊಮ್ಮೆ ಅವಳ ಚಾಪೆ ಅಡುಗೆಮನೆಯ ಹಿಂದೆ, ವಾಷಿಂಗ್ ಮೆಷಿನ್ನಿನ ಪಕ್ಕಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಅಲ್ಲಿಂದಲೇ ಎದ್ದು, ಸ್ನಾನ ಮಾಡಿ, ಸೀರೆಯಂಗಡಿಯ ಗೊಂಬೆಯ ಹಾಗೆ ಸಿಂಗರಿಸಿಕೊಂಡು ಬಾಂಗ್ಸಾರ್‌ನ ಆಫೀಸಿಗೆ ಹೊರಡುವಳು. ಅಲ್ಲಿ ಅವಳ ಮಾತಿಗೆ ಒಂದು ಮಹಡಿಯ ಜನ ಎದ್ದು ಓಡಾಡುತ್ತಿದ್ದರು. ಸಂಜೆ ಮತ್ತೆ ಚಾಪೆ. ಮಗಳು ಕೇಳಿದಾಗ "ಅಮ್ಮಂಗೆ ಬೆನ್ನು ನೋವು ಪುಟ್ಟ, ಗಟ್ಟಿ ನೆಲ ಬೇಕು. ಮುಟ್ಟಬೇಡ, ನೋಯತ್ತೆ" ಎಂದು ಜನಾರ್ದನ ಹೇಳಿದ್ದ. ಆ ಸುಳ್ಳನ್ನು ವೇದಾಳೂ ಹೊದ್ದುಕೊಂಡಿದ್ದಳು. ತನ್ನೊಂದಿಗೇ ಮುಗಿದುಹೋಗುತ್ತದೆ, ಬಿಡು ಎಂದುಕೊಂಡಿದ್ದಳು. ಈಗ ನೋಡಿದರೆ ಅದಕ್ಕೆ ಚಕ್ರ ಜೋಡಿಸುತ್ತಿದ್ದರು.

ಟ್ರೇಲರುಗಳ ಮಾಲೀಕ ಟಾನ್ ಬೆವರೊರೆಸಿಕೊಳ್ಳುತ್ತ ಬಂದು, ಚೀಲದಿಂದ ಟೆಂಟು ಎಳೆದು ಟ್ರೇಲರಿನ ಪಕ್ಕಕ್ಕೆ ಸಿಗಿಸಿದ. ಮೊಣಕಾಲೂರಿ ನುಸುಳಬೇಕಾದಷ್ಟು ಗಿಡ್ಡ. ಒಬ್ಬರು ಕಾಲು ಮಡಚಿ ಮಲಗಬಹುದು, ಅಷ್ಟೆ.

"ಗಾಟ್ ಡಾಗ್ ಆ, ಬಾಸ್?" ಎಂದು ಅಲ್ಲಿನವರ ಧಾಟಿಯ ಇಂಗ್ಲಿಷಿನಲ್ಲಿ ಕೇಳಿದ. ಈ ಟೆಂಟನ್ನು ಕೇಳಿ ಕೊಳ್ಳುವವರೆಲ್ಲ ನಾಯಿ ಸಾಕಿದವರೇ, ತಳ ತೊಳೆಯಲೂ ಸುಲಭ ಎಂದು ವಿವರಿಸಿದ.

ಜನಾರ್ದನ ಒಂದು ಕ್ಷಣ ಹೆಂಡತಿಯ ಕಡೆ ನೋಡಿದ. ಆಮೇಲೆ ಟಾನ್ ಕಡೆ ತಿರುಗಿ ನಕ್ಕ. "ಯಾ, ಯಾ. ಡಾಗ್ ಲಾ."

ವೇದಾಳ ಕಿವಿಗಳು ಬಿಸಿಯಾದವು. ನಿಜ ಹೇಳಲು ನಾಚಿಕೆ, ಹಾಗಾದರೆ! ಹೊರಗಿನವನೆದುರು ಹೇಳಲು ನಾಚಿಕೆಯಾಗುವ ಕೆಲಸವನ್ನು ಇಷ್ಟು ವರ್ಷ ಮನೆಯೊಳಗೆ ಮಾಡುವಾಗ ನಾಚಿಕೆ ಎಲ್ಲಿತ್ತು? ಅಂದರೆ ತಪ್ಪೆಂಬುದು ಅವನಿಗೆ ಗೊತ್ತು. ಮೊದಲಿನಿಂದಲೂ ಗೊತ್ತಿತ್ತು. ಅತ್ತೆಯಾದರೂ ನಂಬಿ ಮಾಡುವವರು. ಇವನು ಏನನ್ನೂ ನಂಬದೆ ಸುಮ್ಮನಿದ್ದವನು.

"ಅಪ್ಪಾ," ಮೇಲಿನಿಂದ ಇಂಚರಳ ದನಿ ಬಂತು, "ವೀ ಡೋಂಟ್ ಹ್ಯಾವ್ ಅ ಡಾಗ್."

ವೇದಾ ಕೈಚೀಲವನ್ನು ರತ್ನಮ್ಮನ ಮಡಿಲಲ್ಲಿಟ್ಟಳು. ಆ ಬಿರುಬಿಸಿಲಿನಲ್ಲಿ, ಅಂಗಳದಲ್ಲಿದ್ದ ಬೇರೆ ಗಿರಾಕಿಗಳು ತಿರುಗಿ ನೋಡುತ್ತಿದ್ದಂತೆ, ಮೊಣಕಾಲೂರಿ ಟೆಂಟಿನೊಳಕ್ಕೆ ನುಸುಳಿ, ಮಂಡಿ ಅಪ್ಪಿಕೊಂಡು ಕೂತಳು.

"ಏನೇ ಇದು? ಜನ ನೋಡ್ತಿದಾರೆ, ಎದ್ದೇಳು," ಎಂದು ಜನಾರ್ದನ ಪಿಸುಗುಟ್ಟಿದ.

"ನೋಡ್ಲಿ ಬಿಡಿ. ಅಳತೆ ಸರಿಯಾಗಿದೆ ರೀ. ಕೇಳಿ ಅವನ್ನ, ಸರಪಳಿನೂ ಜೊತೆಗೇ ಕೊಡ್ತಾನಾ ಅಂತ."

"ವೇದಾ!" ಎಂದರು ರತ್ನಮ್ಮ.

ಕನ್ನಡ ಬಾರದ ಟಾನ್, ಇಂಗ್ಲಿಷಿನಲ್ಲಿ ಯಾರಾದರೂ ಹೇಳಿಯಾರೆಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಗುಮುಖದಲ್ಲೇ ಕಾದ.

ಇಂಚರ ಅಟ್ಟದಿಂದ ಇಳಿದು ಬಂದಳು. ಟೆಂಟಿನ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ ಅಮ್ಮನ ಬೆನ್ನನ್ನು ಮೆಲ್ಲಗೆ ಮುಟ್ಟಿದಳು. ಮುಟ್ಟಿದಲ್ಲೇ ಕೈ ಇಟ್ಟುಕೊಂಡು, ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕುತ್ತ ಕೇಳಿದಳು:

"ಅಮ್ಮಾ... ಇಲ್ಲಿ... ಯಾವತ್ತೂ ನೋವು ಇರ್ಲೇ ಇಲ್ವಾ?"