ಎಂಟರಲ್ಲಿ ಉಳಿದ ಒಂದು

1971ರ ನವೆಂಬರ್ 16, ಮಂಗಳವಾರ. ಪಟ್ಟಿಯಲ್ಲಿದ್ದ ಎಂಟು ಹೆಸರುಗಳಲ್ಲಿ ಉಳಿದದ್ದು ಒಂದು. ಆ ಹೆಸರಿನ ಮನುಷ್ಯ ಸತ್ತು ಎರಡು ವರ್ಷ, ಹತ್ತು ತಿಂಗಳು, ಮೂರು ದಿನ ಕಳೆದಿತ್ತು.

ವಿಲ್ಮಾ ಕಾಸಿಕ್ ಕಿಟಕಿಯ ಪರದೆಯನ್ನು ಬೆರಳಗಲ ಸರಿಸಿ ಬೀದಿಯನ್ನು ನೋಡಿದಳು. ಯಾರೂ ಇರಲಿಲ್ಲ. ಅಡುಗೆಮನೆಗೆ ಹೋದಳು, ಕಾಫಿಯ ಪಾತ್ರೆ ಮುಟ್ಟಿ ನೋಡಿದಳು, ಹಿಂದಿರುಗಿ ಮತ್ತೆ ಪರದೆ ಸರಿಸಿದಳು. ಮೂರು ಗಂಟೆಗೆ ಇನ್ನು ಎಂಟು ನಿಮಿಷ.

"ಹೀಗೇ ಓಡಾಡ್ತಿದ್ರೆ ನೆಲ ಸವೆದು ನೆಲಮಾಳಿಗೆಗೆ ಬೀಳ್ತೀಯ," ಎಂದ ಯುಹಾನ್. ಎಪ್ಪತ್ತೆಂಟರ ಹಳೆಯ ನಾವಿಕ. ಭಾನುವಾರ ಇಬ್ಬರದೂ ಒಂದೇ ಚರ್ಚು. ಅವನ ಬಾಯಿಯಲ್ಲಿ ಕಪ್ಪು ರೊಟ್ಟಿಯ ತುಂಡಿತ್ತು.

"ತಿಂದಿದ್ದು ಸಾಕು, ಮೇಲೆ ಹೋಗು. ಹಾಸಿಗೆ ಮೇಲೆ ಶೂ ಹಾಕ್ಕೊಂಡು ಮಲಗ್ಬೇಡ. ಎರಡು ಸಲ ಕೆಮ್ಮಿದ್ರೆ ಸಾಕು. ಹೋದ ವರ್ಷ ಏಳು ಸಲ ಕೆಮ್ಮಿದೆ."

"ಒಂದು ದೇಶದ ಪರವಾಗಿ ಕೆಮ್ಮೋದು ಅಂದ್ರೆ ಎರಡಕ್ಕೇ ಮುಗಿಯುತ್ತಾ?"

"ಯುಹಾನ್!"

ಅವನು ಗೊಣಗುತ್ತ ಮೆಟ್ಟಿಲು ಹತ್ತಿದ.

1940ರಲ್ಲಿ ಸೋವಿಯತ್ ಒಕ್ಕೂಟ ಎಸ್ಟೋನಿಯಾವನ್ನು ನುಂಗಿತು. ಬ್ರಿಟನ್ ಅದನ್ನು ಪೂರ್ತಿ ಒಪ್ಪಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ. ಲಂಡನ್ನಿನಲ್ಲಿ ಸಿಕ್ಕಿಕೊಂಡ ಎಸ್ಟೋನಿಯಾದ ನಿಯೋಗದವರಿಗೆ ಒಂದು ವ್ಯವಸ್ಥೆಯಾಯಿತು. ವಿದೇಶಾಂಗ ಕಚೇರಿ ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ವಿದೇಶಿ ರಾಯಭಾರಿಗಳ ಪಟ್ಟಿಯಲ್ಲಿ ಅವರ ಹೆಸರುಗಳು ಇರಬಹುದು; ಸತ್ತವರದನ್ನು ತೆಗೆಯಲಾಗುವುದು, ಹೊಸಬರನ್ನು ಸೇರಿಸುವಂತಿಲ್ಲ. ಕಳೆಯುವುದಷ್ಟೇ ಇರುವ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಕೊನೆಯ ಹೆಸರು ರಾಯಭಾರಿ ಎದುಆರ್ಡ್ ಲೌರ್ ಅವರದು. ಅದು ಹೋದರೆ ಪುಟ ಹೋಗುತ್ತದೆ. ಪುಟ ಹೋದರೆ ಬಾಗಿಲ ಫಲಕ, ಮಹಡಿಯ ಬಾವುಟ, ಮೇಜಿನ ಮೇಲಿನ ಮೊಹರು, ಎಲ್ಲವೂ. ಆಮೇಲೆ ತನ್ನ ದೇಶದ ಹೆಸರು ಬರೆದ ಬಾಗಿಲು ಈ ಊರಿನಲ್ಲಿ ಇರುವುದಿಲ್ಲ. ವಿಲ್ಮಾ ಈ ನಿಯೋಗದ ಮನೆಯಲ್ಲಿ ಮೂವತ್ತೇಳು ವರ್ಷದಿಂದ ಬೆರಳಚ್ಚು ಮಾಡುವವಳು. ಅವಳ ಹೆಸರು ಎಂದೂ ಪಟ್ಟಿಯಲ್ಲಿರಲಿಲ್ಲ.

ಆದ್ದರಿಂದ ಲೌರ್ ಸತ್ತಾಗ ಅವಳು ಊರ ಹೊರಗಿನ ಸ್ಮಶಾನದಲ್ಲಿ ಸದ್ದಿಲ್ಲದೆ ಮಣ್ಣು ಮಾಡಿಸಿದಳು. ಕಾನೂನಿನಂತೆ ಮರಣವನ್ನು ನೋಂದಾಯಿಸಿದಳು, ವಿದೇಶಾಂಗ ಕಚೇರಿಗೆ ಮಾತ್ರ ತಿಳಿಸಲಿಲ್ಲ. ಜನನ ಮರಣದ ಕಚೇರಿ ಒಂದು, ವಿದೇಶಾಂಗ ಕಚೇರಿ ಇನ್ನೊಂದು. ಅವೆರಡಕ್ಕೂ ಮಾತುಕತೆ ಇಲ್ಲ ಎಂಬುದೇ ಅವಳ ಧೈರ್ಯ.

ಮೂರಕ್ಕೆ ಸರಿಯಾಗಿ ಬಾಗಿಲ ಗಂಟೆ ಬಾರಿಸಿತು. ವಿದೇಶಾಂಗ ಕಚೇರಿಯ ಹಾರ್ಟ್‌ನಾಲ್. ಬೇರೆ ನಿಯೋಗಗಳಿಗೆ ಪಟ್ಟಿ ಅಂಚೆಯಲ್ಲಿ ಹೋಗುತ್ತಿತ್ತು. ಇಲ್ಲಿಗೆ ಮಾತ್ರ ಅವನು ನವೆಂಬರಿನ ಮೂರನೆಯ ಮಂಗಳವಾರ ತಾನೇ ತರುತ್ತಿದ್ದ. ಹಿಂದೆಲ್ಲ ಕಚೇರಿಯ ಕಾರಿನಲ್ಲಿ ಬರುತ್ತಿದ್ದವನು ಈಚೆಗೆ ಬಸ್ಸಿನಲ್ಲಿ ಬರುತ್ತಿದ್ದ.

"ರಾಯಭಾರಿಗಳು ಹೇಗಿದ್ದಾರೆ, ಮಿಸ್ ಕಾಸಿಕ್?"

"ಎದೆ ಕಟ್ಟಿದೆ. ಯಾರ ಜೊತೆಗೂ ಮಾತಾಡಬಾರದು ಅಂದಿದ್ದಾರೆ ಡಾಕ್ಟರು."

"ಹೋದ ವರ್ಷದ ಡಾಕ್ಟರೇ?"

ಅವಳು ಬಟ್ಟಲಿಗೆ ಕಾಫಿ ಸುರಿದಳು. "ಅವರೇ."

"ಒಳ್ಳೇ ಡಾಕ್ಟರು. ಬಿಡಬೇಡಿ."

ಮೇಲಿನಿಂದ ಕೆಮ್ಮು ಬಂತು. ಒಂದು, ಎರಡು. ಮೂರು. ನಾಲ್ಕು. ವಿಲ್ಮಾ ಬಟ್ಟಲನ್ನು ಅವನತ್ತ ತಳ್ಳಿದಳು. ಐದು.

ಹಾರ್ಟ್‌ನಾಲ್ ಚಾವಣಿಯನ್ನು ನೋಡಿದ. "ಎಂಬತ್ತೆರಡು ವರ್ಷಕ್ಕೆ ಗಟ್ಟಿ ಎದೆ," ಎಂದ. "ಹೀಗೇ ಇರಲಿ."

ಆಮೇಲೆ ನೀಲಿ ರಟ್ಟಿನ ಪುಸ್ತಕವನ್ನು ತೆರೆದು, ಪುಟ ಹುಡುಕಿ, ಅವಳ ಮುಂದಿಟ್ಟ. ಎಸ್ಟೋನಿಯಾ. ಎದುಆರ್ಡ್ ಲೌರ್. ಅವಳು ಎರಡು ಸಲ ಓದಿದಳು. ಇನ್ನೊಂದು ವರ್ಷ ಸಿಕ್ಕಿತು.

ಮುಂದಿನ ವರ್ಷದ ಮೂರನೆಯ ಮಂಗಳವಾರ ನವೆಂಬರ್ 21ಕ್ಕೆ ಬಿತ್ತು. ಮೂರು ಗಂಟೆಗೆ ಯಾರೂ ಬರಲಿಲ್ಲ. ಮೂರೂಕಾಲಿಗೂ ಇಲ್ಲ. ವಿಲ್ಮಾ ಆರಿದ ಕಾಫಿಯನ್ನು ಚೆಲ್ಲಿ ಹೊಸದಾಗಿ ಕುದಿಸಿದಳು.

"ಈಗ ಕೆಮ್ಲಾ?" ಎಂದು ಮೇಲಿನಿಂದ ಯುಹಾನ್ ಕೂಗಿದ.

"ಬಾಯ್ಮುಚ್ಚು!"

ಮೂರೂವರೆಗೆ ಬಾಗಿಲ ಗಂಟೆ ಬಾರಿಸಿತು. ಬಾಗಿಲಲ್ಲಿ ಅಪರಿಚಿತ, ಗಿಡ್ಡ, ಕಂಕುಳಲ್ಲಿ ನೀಲಿ ಪುಸ್ತಕ. ಹೊಸ ಅಧಿಕಾರಿ. ಹೊಸಬನೆಂದ ಮೇಲೆ ಉತ್ಸಾಹ ಇದ್ದೇ ಇರುತ್ತದೆ. ಮಹಡಿ ಹತ್ತಿ ನೋಡದೆ ಬಿಡಲಾರ. ಅವಳು ಮೆಟ್ಟಿಲಿಗೆ ಅಡ್ಡವಾಗಿ ನಿಂತಳು.

"ರಾಯಭಾರಿಗಳಿಗೆ ಹುಷಾರಿಲ್ಲ. ಇವತ್ತು ಯಾರನ್ನೂ ನೋಡೋದಿಲ್ಲ."

"ನಾನು ಕಚೇರಿಯವನಲ್ಲ ಮೇಡಂ," ಎಂದು ಅವನು ಟೋಪಿ ತೆಗೆದ. ಉಗುರುಗಳ ಸಂದಿಯಲ್ಲಿ ಮಸಿ ಕಪ್ಪಗೆ ಕೂತಿತ್ತು. "ಪೆಗ್ಲರ್ ಅಂತ. ಅಚ್ಚುಕೂಟ ಇಟ್ಕೊಂಡಿದ್ದೀನಿ. ಹಾರ್ಟ್‌ನಾಲ್ ಸಾಹೇಬ್ರು ಸೆಪ್ಟೆಂಬರಿನಲ್ಲಿ ತೀರ್ಕೊಂಡ್ರು. ರಿಟೈರ್ ಆದ್ಮೇಲೆ ಮೈ ಸರಿಯಿರಲಿಲ್ಲ."

"ರಿಟೈರ್? ಯಾವಾಗ?"

"ಮೂರು ವರ್ಷ ಆಯ್ತಲ್ಲ. ಆದ್ರೆ ಇದಕ್ಕೆ ಮಾತ್ರ ಬೇಸಿಗೆಯಲ್ಲೇ ದುಡ್ಡು ಕೊಟ್ಟು, ತಪ್ಪದೇ ತಲುಪಿಸು ಅಂದಿದ್ರು."

"ಸರ್ಕಾರದ ಪುಸ್ತಕಕ್ಕೆ ಅವರ್ಯಾಕೆ ದುಡ್ಡು ಕೊಡಬೇಕು?"

ಮೇಲಿನಿಂದ ಕೆಮ್ಮು ಕೇಳಿಸಿತು, ದೀರ್ಘವಾಗಿ, ರಾಯಭಾರಿಗೆ ತಕ್ಕಂತೆ. ಪೆಗ್ಲರ್ ತಲೆಯೆತ್ತಲಿಲ್ಲ. ಪುಸ್ತಕ ತೆರೆದು ಲೌರ್ ಅವರ ಹೆಸರಿದ್ದ ಪುಟದ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ಪುಸ್ತಕ ಸರ್ಕಾರದ್ದೇ ಮೇಡಂ, ಈ ಒಂದು ಪುಟ ಮಾತ್ರ, ನಿಮ್ಮ ರಾಯಭಾರಿಗಳು ತೀರ್ಕೊಂಡ ವರ್ಷದಿಂದ, ಬರೀ ನಿಮ್ಮ ಪ್ರತಿಗೆ ಅಂತ ನಾನೇ ಅಚ್ಚು ಹಾಕಿ ಹೊಲಿದು ಸೇರಿಸ್ತಿದ್ದೀನಿ, ಮುಂದಿನ ವರ್ಷದ್ದು ಯಾರ ಲೆಕ್ಕಕ್ಕೆ ಬರ್ಕೊಳ್ಳಲಿ?"