ಮೊದಲ ಮನೆಯ ತಪಾಸಣೆ

ಮೊದಲ ಮನೆ ಕೊಂಡವರಿಗಷ್ಟೇ ತೆರಿಗೆ ವಿನಾಯಿತಿ. ಹಿಂದೆ ಮನೆಯಿದ್ದವರು ಅದರ ನೆನಪನ್ನು ಆಸ್ಪತ್ರೆಯಲ್ಲಿ ತೆಗೆಸಿಕೊಂಡರೆ ಅವರೂ ಅರ್ಹರೇ. ಪಂಕಜಾ, ಉಮಾಪತಿ ದಂಪತಿ ಹೋದ ತಿಂಗಳೇ ತೆಗೆಸಿಕೊಂಡಿದ್ದರು.

ತಪಾಸಣೆಗೆ ಬಂದ ಅಧಿಕಾರಿ ಹೊಸ ಮನೆಯ ಬಾಗಿಲು ತೆರೆದು, "ಯೋಚನೆ ಮಾಡದೆ ಒಳಗೆ ಹೋಗಿ ತಾಯಿ, ಹಳೇ ಅಭ್ಯಾಸ ಏನಾದ್ರೂ ಉಳಿದಿದ್ಯಾ ನೋಡ್ಬೇಕು" ಎಂದರು.

ಪಂಕಜಾ ಹೊಸ್ತಿಲು ದಾಟಿದಳು, ಸ್ವಿಚ್ಚಿಗಾಗಿ ಗೋಡೆ ತಡಕಾಡಿದಳು, ಅಡುಗೆಮನೆ ಎಲ್ಲಿದೆಯೆಂದು ಕೇಳಿದಳು. ಅಧಿಕಾರಿ ಸಹಿ ಹಾಕಲು ಪೆನ್ನು ತೆಗೆದರು. ಅಷ್ಟರಲ್ಲಿ ಅವಳು ಹಿಂದಕ್ಕೆ ತಿರುಗಿ, ಸೊಂಟದೆತ್ತರಕ್ಕೆ ಕೈ ಚಾಚಿ, "ಮೆಲ್ಲಗೆ ಬಾ ಕಂದಾ, ಎಡವ್ತೀಯ" ಎಂದಳು.

"ಸಾರ್, ನಮಗೆ ಮಕ್ಕಳೇ ಇಲ್ಲ!" ಎಂದ ಉಮಾಪತಿ.

"ಹಳೇ ಮನೇಲಿ ಮಗು ಹುಟ್ಟಿದ್ದಿರ್ಬೇಕು. ಮನೆ ನೆನಪಿನ ಜೊತೆ ಅದರ ನೆನಪೂ ಹೋಗಿದೆ" ಎಂದು ಅಧಿಕಾರಿ ಸಹಿ ಹಾಕದೆ ಪೆನ್ನು ಮುಚ್ಚಿದರು.

ಪಂಕಜಾ ಕೈ ಇಳಿಸಲಿಲ್ಲ. ಬೆರಳುಗಳು ತಾವಾಗಿಯೇ ಒಂದು ಪುಟ್ಟ ಕೈಯ ಅಳತೆಗೆ ಮಡಚಿಕೊಂಡವು.